ಹೊನ್ನಕುಂಟದ ಕುಡಿಯೋ ನೀರು

ನೀರು ಸಿಹಿಯಾಗಿತ್ತೆಂಬುದು ನಾಲಿಗೆಗೆ ಅಂದೇ ಗೊತ್ತಾಗಿತ್ತು. ಎರಡು ಚೊಂಬು ಕುಡಿದು, ಮೀಸೆ ಒರೆಸಿಕೊಂಡು, ಅಹಾ ಎಂದೂ ಅಂದಿದ್ದ. ಆ ಅಹಾ ಈಗ ಪತ್ತಿಕೊಂಡದ ಬಸ್ಸಿನಲ್ಲಿ, ಕಿಟಕಿಯ ಸಡಿಲು ಗಾಜು ಗಡಗಡ ಅಂದಾಗಲೆಲ್ಲ, ಬೇರೆ ಯಾರೋ ಅಂದಂತೆ ಗುರುಪಾದಯ್ಯನಿಗೆ ಕೇಳುತ್ತಿತ್ತು. ತೊಡೆಯ ಮೇಲೆ ಚೀಲ, ಚೀಲದೊಳಗೆ ನಾಲ್ಕು ಖಾಲಿ ಬಾಟಲಿ, ಆಸಿಡ್ಡಿನ ಸಣ್ಣ ಸೀಸೆ, ಆರ್ಸೆನಿಕ್ ನೋಡುವ ಪೆಟ್ಟಿಗೆ. ಆದೋನಿ ಬಿಟ್ಟು ಅರ್ಧ ಗಂಟೆಯಾಗಿತ್ತು. ಇಪ್ಪತ್ತಾರು ವರ್ಷ ನೀರು ಪರೀಕ್ಷೆ ಮಾಡಿದವನು, ಒಂದು ಗುಟುಕಿನಲ್ಲೇ ಇದು ಯಾವ ಕಡೆಯ ಬೋರು ಎಂದು ಹೇಳುತ್ತಾನೆಂದು ಲ್ಯಾಬಿನಲ್ಲಿ ಹೆಸರು ಪಡೆದವನು, ಈ ಸೀಮೆಯ ಬೋರಿನ ನೀರು ಎಂದೂ ಅಷ್ಟು ಸಲೀಸಾಗಿ ಗಂಟಲಿಗೆ ಇಳಿಯುವುದಿಲ್ಲ, ಅದರ ಸೌಳು ಹಲ್ಲಿಗೆ ಹತ್ತಿ ನಿಲ್ಲುತ್ತದೆ ಎಂದು ಬಲ್ಲವನು, ಎರಡು ಚೊಂಬು ಕುಡಿದು ಅಹಾ ಎಂದು, ಅದೇ ನೀರಿನ ಬಾಟಲಿಗೆ 'ಹೊನ್ನಕುಂಟ, ಕೈಬೋರು' ಎಂದು ಚೀಟಿ ಅಂಟಿಸಿ, 'ಸ್ವತಃ ಹಿಡಿದದ್ದು' ಎಂಬಲ್ಲಿ ಸಹಿ ಹಾಕಿ ಬಂದಿದ್ದ. ಅದಾಗಿ ನಲವತ್ತೇಳು ದಿನ.

ತಪ್ಪು ತೋರಿಸಿಕೊಟ್ಟವಳು ಭುವನಾ. ಲ್ಯಾಬಿಗೆ ಬಂದು ಇನ್ನೂ ವರ್ಷ ತುಂಬದ ಹುಡುಗಿ. ರಿಜಿಸ್ಟರಿನ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವಳದು. ನಿನ್ನೆ ಮಧ್ಯಾಹ್ನ ಚಹಾದವನು ಗ್ಲಾಸು ಇಡುತ್ತಿದ್ದಾಗ ಅವಳು ಕತ್ತೆತ್ತಿ ಕೇಳಿದ್ದಳು.

"ಸಾರ್, ಹೊನ್ನಕುಂಟದ ಬೋರು, ಉಪ್ಪಿನಂಶ ನೂರಾ ತೊಂಬತ್ತು ಅಂತ ಬರ್ದೀರಿ. ಸುತ್ತ ಹಳ್ಳಿದೆಲ್ಲ ಸಾವಿರದ ಮ್ಯಾಲ ಐತಿ. ಅದೆಂಗ್ರಿ?"

"ಒಂದೊಂದು ಬೋರು ಹಂಗ ಇರ್ತಾವಮ್ಮ."

"ಅದಾ ಊರಿನ ಸ್ಕೂಲ್ ಬೋರು ಎರಡು ಸಾವಿರ ಐತಿ ಸಾರ್. ನಡುವ ಒಂದು ಓಣಿ ಅಷ್ಟಾ."

"ನನಗ ಇಪ್ಪತ್ತಾರು ವರ್ಸ ಆತು ಈ ಕೆಲಸದಾಗ. ನೀನು ಹುಟ್ಟಿದ್ದಿಲ್ಲ."

"ಇಪ್ಪತ್ತಾರಾ? ಹುಟ್ಟಿ ನಡ್ಯಾಕ ಕಲ್ತಿದ್ದೆ ಬಿಡ್ರಿ" ಅಂದಳು ಭುವನಾ. ಚಹಾದವನು ನಕ್ಕ. ಅವನ ನಗೆಯೇ ಕಿವಿಯಲ್ಲಿ ಉಳಿಯಿತು. ಗುರುಪಾದಯ್ಯ ಎದ್ದು ಹಿಂದಿನ ಕೋಣೆಗೆ ಹೋಗಿ, ಆಗಲೇ ತೊಳೆದಿದ್ದ ಗಾಜಿನ ನಳಿಕೆಗಳನ್ನು ಇನ್ನೊಮ್ಮೆ ತೊಳೆಯುತ್ತ ನಿಂತ. ಕೋಪ ಆರುತ್ತ ಬಂದ ಹಾಗೆ ಅದರ ತಳದಲ್ಲಿ ತಣ್ಣಗೆ ಏನೋ ಒಸರತೊಡಗಿತು. ನೂರಾ ತೊಂಬತ್ತು. ಆ ಅಂಕಿಯನ್ನು ತಾನೇ ಓದಿ, ತಾನೇ ಬರೆದದ್ದು. ಅಂಕಿ ಬರೆಯುವ ಕೈಗೂ ಅಂಕಿ ನೋಡುವ ಕಣ್ಣಿಗೂ ನಡುವೆ ಅಂದು ಯಾರೂ ಇರಲಿಲ್ಲ. ಕರ್ನೂಲಿನ ದೊಡ್ಡ ಯಂತ್ರದಿಂದ ಬಂದ ಉತ್ತರವೂ ಹಾಗೆಯೇ, ಒಂದೇ ಸಾಲು: ಆರ್ಸೆನಿಕ್ ಪತ್ತೆಯಾಗಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದರ ಬಾಯಿಗೆ ಏನು ಹಾಕಿದ್ದರೋ ಅದನ್ನೇ ಅದು ಹೇಳಿತ್ತು. ಹೊನ್ನಕುಂಟದ ಹಿಂದಿನ ಗುಡ್ಡದಲ್ಲಿ ಯಾವ ಕಾಲದವರೋ ಬಂಗಾರಕ್ಕೆ ತೋಡಿದ ಗುಂಡಿಗಳಿವೆ; ಬಂಗಾರದ ಕಲ್ಲಿನ ಜೊತೆಗೆ ಈ ವಿಷವೂ ಇರಬಹುದು, ನೋಡಿ ಬನ್ನಿ ಎಂದು ಮೇಲಿನಿಂದ ಆದೇಶ ಬಂದದ್ದಕ್ಕೆ ಅವನು ಹೋಗಿದ್ದು. ಸಾವಿರ ಲೀಟರಿನ ಟ್ಯಾಂಕಿನಲ್ಲಿ ನಾಲ್ಕು ಸಾಸಿವೆ ಕಾಳಿನ ತೂಕದಷ್ಟು ಇದ್ದರೆ ಅದು ಮಿತಿ. ಐದನೆಯ ಕಾಳು ಮಿತಿ ಮೀರಿದ್ದು. ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಕುಡಿದವನಿಗೆ ಇಂದು ಏನೂ ಆಗುವುದಿಲ್ಲ, ನಾಳೆಯೂ ಆಗುವುದಿಲ್ಲ. ಹತ್ತು ವರ್ಷಕ್ಕೆ ಅಂಗೈ ಗಂಟಾಗುತ್ತದೆ, ಆಮೇಲೆ ಹೇಳಬಾರದ್ದು. ಅದಕ್ಕಾಗಿಯೇ ಅಲ್ಲವೇ ಅಳೆಯುವವನೊಬ್ಬನನ್ನು ಇಟ್ಟುಕೊಂಡದ್ದು.

ಹೊರಗೆ ಬಂದು, "ಭುವನಾ, ನೀ ಹೇಳಿದ್ದು ಖರೇ. ಆ ಬಾಟ್ಲಿ ನಾನು ತುಂಬಿದ್ದಲ್ಲ" ಎಂದಾಗ ಅವಳ ಮುಖದಲ್ಲಿ ಗೆದ್ದ ಗುರುತನ್ನು ಹುಡುಕಿದ್ದ, ಇರಲಿಲ್ಲ. ಅವಳು ಪೆಟ್ಟಿಗೆ ತೆಗೆದು ಕಾಗದದ ಚೂರುಗಳನ್ನು ಎಣಿಸಿ, ಪುಡಿಯ ಪೊಟ್ಟಣಗಳ ತಾರೀಖು ನೋಡಿ, "ನಾಳೆ ಹೊತ್ತೇರೋದರಾಗ ಹೋಗಿಬಿಡ್ರಿ ಸಾರ್, ಇಲ್ಲಿದು ನಾ ನೋಡ್ಕೊಂತೀನಿ" ಎಂದಳು. ಅಷ್ಟೆ. ಬಸ್ಸಿನಲ್ಲಿ ಅದನ್ನು ನೆನೆದು ಅವನಿಗೆ ಕಣ್ಣು ಮಂಜಾಯಿತು. ಬೈಯದೆ ಬಿಟ್ಟಳು ಎಂದಲ್ಲ. ನಲವತ್ತೇಳನೆಯ ದಿನ ಕಣ್ಣಿಗೆ ಬಿತ್ತಲ್ಲ. ನಲವತ್ತೇಳು ತಿಂಗಳಾಗಬಹುದಿತ್ತು, ತಾನು ಪೆನ್ಶನ್ನಾಗಿ ಮಠದ ಕಟ್ಟೆಯ ಮೇಲೆ ಕೂತು ವಿಭೂತಿ ಹಚ್ಚಿಕೊಂಡು ತೃಪ್ತನಾಗಿ ಇದ್ದುಬಿಡಬಹುದಿತ್ತು. ಶಿವನೇ, ನಿನ್ನ ಕರುಣೆ ಅಷ್ಟು ಸಣ್ಣ ಹುಡುಗಿಯ ಕಣ್ಣಿನಲ್ಲಿ ಕೂತು ನೋಡಿತಲ್ಲ ಎಂದುಕೊಂಡ. ಅಂದುಕೊಂಡ ಕೂಡಲೇ ನಾಚಿಕೆಯಾಯಿತು. ಅಲ್ಲಿ ನೀರು ಕುಡಿಯುತ್ತಿದ್ದಾರೆ, ಇಲ್ಲಿ ಕರುಣೆಯ ಮಾತು. ಆಸ್ಪರಿಯಲ್ಲಿ ಬಸ್ಸು ನಿಂತಿತು. ಯಾರೋ "ದಿಗಂಡಿ, ದಿಗಂಡಿ" ಎಂದು ಇಳಿಸುತ್ತಿದ್ದರು. ಹತ್ತಿದ ಹೆಂಗಸೊಬ್ಬಳು ಅವನ ಹಣೆಯ ವಿಭೂತಿ ನೋಡಿ, ಪಕ್ಕದ ಸೀಟು ಖಾಲಿಯಿದ್ದರೂ ಕೂರದೆ, ಚೀಲವನ್ನು ಎದೆಗವಚಿಕೊಂಡು ನಿಂತೇ ಬಂದಳು.

ಆ ಹಣೆಯೇ. ಆಫೀಸಿನಲ್ಲಿ ಅವನು ಗುರುಪಾದಂ. ತೆಲುಗಿನ ಸಾಹೇಬರ ಬಾಯಲ್ಲಿ ಹೆಸರಿನ ಕೊನೆಯ ಅಯ್ಯ ಎಂದೋ ಉದುರಿ ಹೋಗಿತ್ತು. ಹಳ್ಳಿಗೆ ಕಾಲಿಟ್ಟರೆ ಮಾತ್ರ ಅಯ್ಯಾರು. ಕುತ್ತಿಗೆಯ ಗುರುತಿನ ಚೀಟಿಯನ್ನು ಊರ ಅಗಸೆ ಬಾಗಿಲಿನ ಹತ್ತಿರ ತೆಗೆದು ಜೇಬಿಗಿಳಿಸುವ ಚಾಳಿ ಯಾವಾಗ ಶುರುವಾಯಿತೋ ಅವನಿಗೇ ನೆನಪಿಲ್ಲ. ಅಂದು ಹೊನ್ನಕುಂಟದಲ್ಲೂ ಹಾಗೆಯೇ ಮಾಡಿದ್ದ. ಬೋರಿನ ಎದುರಿನ ಮನೆ ಭೀಮಕ್ಕನದು, ಕುರಿ ಸಾಕುವ ಮನೆ. ಅಯ್ಯಾರು ಬಂದರೆಂದು ಆಕೆ ಕಾಲಿಗೆ ನೀರು ಕೊಟ್ಟು, ಮುಟ್ಟಿ ನಮಸ್ಕರಿಸಿ, ಅಂಗಳದ ಬೇವಿನ ನೆರಳಿಗೆ ಕಂಬಳಿ ಹಾಸಿದ್ದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಮಂಡಿ ನೋಯುತ್ತಿತ್ತು, ಬಿಸಿಲಿತ್ತು, ಹೊಟ್ಟೆ ತುಂಬಿತ್ತು. ಬಾಟಲಿ ಹಿಡಿದು ಏಳಲು ಹೋದಾಗ ಆಕೆ ಕೈಯಡ್ಡ ಮಾಡಿದ್ದಳು. "ಅಯ್ಯಾರು ಬೋರು ಹೊಡಿಯೋದಾ? ನಾವು ಇದ್ದೂ ಸತ್ತಂಗ ಆತು. ತರ್ರಿಲ್ಲಿ. ಏನು ತುಂಬಬೇಕು?" ಅವನು ಒರಗಿದಲ್ಲಿಂದಲೇ, "ಕುಡಿಯೋ ನೀರವ್ವ, ಅಂಚಿನ ತನಕ" ಎಂದಿದ್ದ. "ನಾನಾ ತುಂಬಿ ತರ್ಲೇನ್ರಿ?" "ಹೂಂ."

ಹೂಂ ಅನ್ನುವುದು ಅವನ ಹುಟ್ಟಿನ ಕೆಲಸವಾಗಿತ್ತು. ಶ್ರಾವಣದಲ್ಲಿ ಮಠದ ಪಡಸಾಲೆಯಲ್ಲಿ ಅಪ್ಪ ಪುರಾಣದ ಪದ್ಯ ಹಾಡುವುದು, ಹಾಲಸ್ವಾಮಿ ಎಂಬ ಹಿರಿಯರು ಅರ್ಥ ಹೇಳುವುದು, ಕಂಬಕ್ಕೊರಗಿ ಕೂತ ಹುಡುಗ ಹೂಂ ಅನ್ನುವುದು. ಹೂಂ ಅನ್ನುವವನಿಲ್ಲದಿದ್ದರೆ ಪುರಾಣ ಮುಂದೆ ಸಾಗದು ಎಂದು ಅಪ್ಪ ಅವನಿಗೂ ಒಂದು ಪಾಲು ಕೊಟ್ಟಿದ್ದರು. ಅರ್ಥ ತಿಳಿದೇ ಅನ್ನಬೇಕೆಂದಿರಲಿಲ್ಲ, ಉಸಿರು ನಿಂತ ಕಡೆ ಅಂದರಾಯಿತು. ಹಾಗೆ ಕಲಿತ ಕಿವಿಗೆ ಎಲ್ಲವೂ ಕೇಳುತ್ತದೆ, ಬಾಟಲಿ ತುಂಬುತ್ತ ಬಂದಂತೆ ನೀರಿನ ದನಿ ಏರುವುದು ಸಹ. ಅಂದು ಬೇವಿನ ಕೆಳಗೆ ಕಣ್ಣು ಮುಚ್ಚಿ ಕೂತಿದ್ದಾಗ ಬೋರಿನ ಹಿಡಿಕೆಯ ಕಿರ್ರನೆ ಸದ್ದು ಕೇಳಿರಲಿಲ್ಲ. ಕೇಳಿರಲಿಲ್ಲ ಎಂಬುದು ಈಗ ಕೇಳುತ್ತಿತ್ತು. ಮನೆಯೊಳಗಿಂದ ಚೊಂಬಿನಿಂದ ಬಾಟಲಿಗೆ ಬಗ್ಗಿಸುವ ಗುಳುಗುಳು ಅಷ್ಟೇ ಬಂದಿತ್ತು. ಅದಕ್ಕೂ ಅವನು ಹೂಂ ಅಂದಿರಬೇಕು.

ಪತ್ತಿಕೊಂಡದಿಂದ ಆಟೋ. ಊರಿನ ಅಗಸೆ ಬಂದಾಗ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಬಿಟ್ಟ. ಚೀಟಿ ಎದೆಯ ಮೇಲೆ ತೂಗಾಡುತ್ತಿದ್ದಂತೆಯೇ ನಡೆದ. ಬೋರಿನ ಕಟ್ಟೆಗೆ ನೀಲಿ ಬಣ್ಣ ಬಳಿದಿದ್ದರು, ಅದರ ಮೇಲೆ ತೆಲುಗಿನಲ್ಲಿ 'ಸುರಕ್ಷಿತಂ' ಎಂದು ದಪ್ಪಗೆ ಬರೆದಿತ್ತು. ಆ ಬಣ್ಣದ ಹಿಂದೆ ತನ್ನ ಸಹಿಯಿದೆ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಹಿಡಿಕೆ ಒತ್ತುತ್ತಿದ್ದವಳು ಭೀಮಕ್ಕನ ಸೊಸೆ ಮಲ್ಲೇಶ್ವರಿ. ಹೋದ ಸಲ ಒಳಗೆ ರೊಟ್ಟಿ ತಟ್ಟುತ್ತಿದ್ದ ಕೈಗಳನ್ನು ಮಾತ್ರ ಕಂಡಿದ್ದ. ಈಗ ಕಂಡದ್ದು ಸೆರಗಿನ ಕೆಳಗೆ ತುಂಬಿದ ಹೊಟ್ಟೆ. ಐದು ತಿಂಗಳೋ ಆರೋ. ಕೊಡ ತುಂಬಿದ ಮೇಲೆ ಅವಳು ನಳಿಗೆಯ ಕೆಳಗೆ ಬೊಗಸೆ ಒಡ್ಡಿ ಬಗ್ಗಿ ಕುಡಿದಳು, ಗುಟುಕು ಗುಟುಕು ಕುಡಿದಳು, ಮುಖಕ್ಕೂ ಒಂದಿಷ್ಟು ಎರಚಿಕೊಂಡಳು. ಕೂಗಬೇಕೆಂದುಕೊಂಡ. ಏನೆಂದು?

"ಏನ್ರಿ ಅಯ್ಯಾರ, ಮತ್ತ ನೀರಿಗಾ ಬಂದ್ರಿ? ಅಷ್ಟು ರುಚಿ ಹತ್ತಿತೇನು?" ಭೀಮಕ್ಕ ಮನೆಯ ಕಟ್ಟೆಯಿಂದಲೇ ನಕ್ಕಳು. ಕೈ ಮುಗಿದು, ಕಂಬಳಿ ತರಲು ತಿರುಗಿದಳು.

"ಕಂಬಳಿ ಬ್ಯಾಡವ್ವ. ಒಂದು ಮಾತು ಕೇಳ್ತೀನಿ. ಅವತ್ತು ನೀನು ಬಾಟ್ಲಿ ತುಂಬಿ ಕೊಟ್ಟೆಲ್ಲ, ಅದು ಈ ಬೋರಿನ ನೀರೇನು?"

"ಅಯ್ಯ, ನಿಮಗ ಬೋರಿನ ಸೌಳು ಕೊಡ್ಲೇನ್ರಿ?" ಆಕೆಗೆ ಅವಮಾನವಾದಂತಿತ್ತು. "ಚೆಲಮಿ ನೀರ್ರಿ. ಹಳ್ಳದಾಗ ಉಸುಕು ತೋಡಿ ತಂದಿದ್ದು. ಸೋಮವಾರಕ್ಕೊಮ್ಮೆ ಒಂದು ಕೊಡ ತರ್ತೀನಿ, ದೇವರ ಮುಂದ ಇಡಾಕ, ನಿಮ್ಮಂಥವರು ಬಂದ್ರ ಕೊಡಾಕ. ನೀವು ಕುಡಿಯೋ ನೀರು ಅಂದ್ರಿ, ನಾನು ಅದಾ ಬಗ್ಗಿಸಿದೆ."

"ಮತ್ತ ಬೋರಿಂದು?"

"ಬೋರಿಂದು ಬಳಸೋ ನೀರು."

"ಬಳಸೋದಂದ್ರ?"

"ಬಳಸೋದು ಅಂದ್ರ ಬಳಸೋದು. ಮುಸುರಿಗೆ, ಅರಿವಿಗೆ, ಕುರಿಗೆ, ನಮಗ."

ಆಕೆ ಅದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಪಾತ್ರೆ, ಬಟ್ಟೆ, ಕುರಿ, ತಾವು. ಯಾವ ನೋವೂ ಇಲ್ಲದ ದನಿ. ಗುರುಪಾದಯ್ಯ ಬೇವಿನ ಬುಡಕ್ಕೆ ಕೈಯೂರಿದ. ಸರ್ಕಾರದ ಹಾಳೆಯಲ್ಲಿ 'ಕುಡಿಯುವ ನೀರಿನ ಮೂಲ' ಎಂದು ಅಚ್ಚಾದ ಮಾತು ಈ ಅಂಗಳಕ್ಕೆ ಬಂದು ದೇವರಿಗೂ ಅತಿಥಿಗೂ ಸಲ್ಲುವ ನೀರಾಗಿತ್ತು. ತಪ್ಪು ತಿಳಿದದ್ದು ಆಕೆಯಲ್ಲ. ಹತ್ತು ಹೆಜ್ಜೆ ದೂರದ ಬೋರಿಗೆ ತಾನು ಎದ್ದು ಹೋಗಿದ್ದರೆ, ಎದೆಯ ಮೇಲೆ ಚೀಟಿ ಇದ್ದು ಹಣೆ ಬೋಳಾಗಿದ್ದರೆ, ಆಕೆ ಆರಾಮಾಗಿ "ಅಕಾ ಅಲ್ಲೈತಿ ನೋಡಪ್ಪ ಬೋರು" ಅಂದಿರುತ್ತಿದ್ದಳು. ಆಕೆ ಕೊಟ್ಟದ್ದು ಮನೆಯಲ್ಲಿದ್ದ ಒಳ್ಳೆಯದನ್ನು. ಅದನ್ನು ಕುಡಿದು, ಅದನ್ನೇ ಸೀಸೆಯಲ್ಲಿ ಒಯ್ದು, ಅದರ ಒಳ್ಳೆಯತನವನ್ನು ಬೋರಿನ ಹೆಸರಿಗೆ ಬರೆದುಬಿಟ್ಟಿದ್ದ.

"ಯಾಕ್ರಿ, ಅದು ಫೇಲಾತೇನು?" ಎಂದಳು ಭೀಮಕ್ಕ.

"ಇಲ್ಲವ್ವ. ಈಗ ಬೋರಿಂದು ನೋಡಬೇಕು. ನಾನಾ ಹಿಡಿತೀನಿ."

ಬೋರಿನ ಹಿಡಿಕೆಯನ್ನು ಅವನು ನೂರು ಸಲ ಒತ್ತಿದ. ಕೊಳವೆಯಲ್ಲಿ ನಿಂತ ನೀರೆಲ್ಲ ಹೊರಗೆ ಹೋಗಿ ತಳದ ನೀರು ಬರಬೇಕು, ಅದು ನಿಯಮ. ಮಂಡಿ ಚುಚ್ಚುತ್ತಿತ್ತು, ಬನಿಯನ್ ಬೆನ್ನಿಗೆ ಅಂಟಿತ್ತು. ಅಯ್ಯಾರು ಬೋರು ಹೊಡೆಯುವುದನ್ನು ನೋಡಲು ಮೂರು ನಾಲ್ಕು ಹೆಂಗಸರು ನಿಂತರು. ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಗೋರ್ಮೆಂಟಿನವರಿಗೆ ಬೆವರು ಬರ್ತೈತಿ ನೋಡ್ರಲೇ" ಅಂದಳು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಕಲಕಿ ಚೆಲ್ಲಿ, ತುಂಬಿಸಿ, ಕರ್ನೂಲಿಗೆ ಕಳಿಸುವುದಕ್ಕೆ ಆಸಿಡ್ಡಿನ ಹನಿ ಬಿಟ್ಟು ಮುಚ್ಚಿದ. ಆಮೇಲೆ ಪೆಟ್ಟಿಗೆ ಬಿಚ್ಚಿ, ಅದರೊಳಗಿನ ಸೀಸೆಗೆ ಗೆರೆಯವರೆಗೆ ಬೋರಿನ ನೀರು ಹಾಕಿ, ಒಂದು ಪೊಟ್ಟಣದ ಪುಡಿ, ಮತ್ತೊಂದರದು. ಮುಚ್ಚಳದ ಸೀಳಿನಲ್ಲಿ ಬೆರಳುಗುರಿನಷ್ಟು ಬಿಳಿ ಕಾಗದ. ಒಳಗೆ ನೀರು ಸುಸ್ಸೆಂದು ಗುಳ್ಳೆಯೇಳತೊಡಗಿತು. ವಿಷವಿದ್ದರೆ ಗಾಳಿಯಾಗಿ ಮೇಲೆದ್ದು ಕಾಗದಕ್ಕೆ ಬಣ್ಣ ಹತ್ತುತ್ತದೆ. ಎಲ್ಲರನ್ನೂ ದೂರ ನಿಲ್ಲಿಸಿ ಗಡಿಯಾರ ನೋಡಿದ. ಇಪ್ಪತ್ತು ನಿಮಿಷ.

ಇಪ್ಪತ್ತು ನಿಮಿಷ ಮುಚ್ಚಳ ತೆರೆಯುವಂತಿಲ್ಲ. ಬಿಳಿಯಾಗಿಯೇ ಇರಲಿ ಎಂದು ಬೇಡಿಕೊಳ್ಳಲು ಹೋದ ಮನಸ್ಸು ನಡುವೆ ತಡವರಿಸಿತು. ಬೇಡುವುದು ಯಾರಿಗಾಗಿ, ಆ ಹೊಟ್ಟೆಗಾಗಿಯೋ ತನ್ನ ಸಹಿಗಾಗಿಯೋ? ಎರಡೂ ಒಂದೇ ಕಾಗದದ ಮೇಲೆ ಬಂದು ಕೂತಿದ್ದವು. ಬಿಳಿಯಾಗಿ ಉಳಿದರೆ ಯಾರಿಗೂ ಹೇಳಬೇಕಿಲ್ಲ, ಚೀಟಿ ಬದಲಾಯಿಸಿ ಅಂಕಿ ತಿದ್ದಿದರಾಯಿತು ಎಂದು ಒಳಗಿನಿಂದ ಒಂದು ದನಿ ಮೆಲ್ಲಗೆ ಹೇಳಿತು. ಆ ದನಿ ಅಷ್ಟು ಪರಿಚಿತವಾಗಿತ್ತು. ಒಂದು ಶ್ರಾವಣದಲ್ಲಿ ಅಪ್ಪ ಒಂದು ಪದ್ಯ ಬಿಟ್ಟು ಮುಂದಿನದಕ್ಕೆ ಹೋಗಿಬಿಟ್ಟಿದ್ದರು. ಯಾರಿಗೂ ತಿಳಿಯಲಿಲ್ಲ, ಹುಡುಗ ಎಂದಿನಂತೆ ಹೂಂ ಅಂದ, ಮಂಗಳಾರತಿಯಾಯಿತು. ದಾರಿಯಲ್ಲಿ ಅಪ್ಪ, "ಬಿಟ್ಟ ಪದ್ಯಕ್ಕೂ ಹೂಂ ಅಂದೆಲ್ಲೋ" ಎಂದು ನಕ್ಕಿದ್ದರು. ಮರುದಿನ ತುಂಬಿದ ಪಡಸಾಲೆಯಲ್ಲಿ ಪೀಠದ ಮೇಲೆ ಕೂತು ಮೊದಲು ಹೇಳಿದ ಮಾತು, "ನಿನ್ನೆ ಒಂದು ಪದ್ಯ ತಪ್ಪಿಸಿದೆ, ಅಲ್ಲಿಂದಲೇ ಹಿಡಿಯೋಣ" ಎಂದು. ಎಷ್ಟು ಸಲೀಸಾಗಿ ಅಂದಿದ್ದರು! ಅಪ್ಪನ ದನಿ ನಡುಗಲೂ ಇಲ್ಲ. ಆದರೆ ಪದ್ಯ ಬಿಟ್ಟರೆ ಯಾರ ರಕ್ತಕ್ಕೂ ಏನೂ ಸೇರುವುದಿಲ್ಲ ಎಂದುಕೊಂಡ ಗುರುಪಾದಯ್ಯ. ಎದುರಿಗೆ ಮಲ್ಲೇಶ್ವರಿ ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದಳು. ಅವಳು ಕೇರುವ ಲಯಕ್ಕೆ ನಿಮಿಷಗಳು ಉದುರುತ್ತಿದ್ದವು.

"ಈ ನೀಲಿ ಬಣ್ಣ ಬಳಿಯೋದ್ಕಿಂತ ಮುಂಚೆ, ಬಸರಿ ಅಂತ ಇಕಿಗೂ ದಿನಾ ಒಂದು ಕೊಡ ಚೆಲಮಿದು ತರಬೇಕಂತ ಮಾಡಿದ್ದೆ" ಎಂದಳು ಭೀಮಕ್ಕ, ಮಾತಿಗೆ ಮಾತು ಎಂಬಂತೆ. "ಹಳ್ಳ ಒಂದು ಮೈಲಿ. ಅಷ್ಟರಾಗ ನಿಮ್ಮ ಕಾಗದ ಬಂತು. ಅಯ್ಯಾರು ಪಾಸು ಮಾಡ್ಯಾರ, ಇನ್ಯಾಕ ತಿರುಗಾಟ ಅಂತ ಬಿಟ್ಟೆ. ಓಣಿಯವರೂ ಸಣ್ಣ ಹುಡುಗ್ರಿಗೆ ತರ್ತಿದ್ರು, ಬಿಟ್ರು. ಪುಣ್ಯ ಬಂತು ನಿಮಗ, ಕಾಲು ಉಳಿದ್ವು ನಮ್ಮವು."

ಆಕೆ ಉಪಕಾರ ನೆನೆಯುತ್ತಿದ್ದಳು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಆಕೆ ಚಾಚಿದ ಅಂಗೈಯಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು, ಜೋಳದ ಕಾಳು ಅಂಟಿದ ಹಾಗೆ. ಹೋದ ಸಲ ಅದೇ ಕೈ ಚೊಂಬು ಕೊಟ್ಟಾಗ ಅವನು ಚೊಂಬನ್ನು ಮಾತ್ರ ನೋಡಿದ್ದ. ದುಡಿದ ಕೈ, ವಿಷದ ಗಂಟೇ ಎಂದು ಈಗಲೇ ಹೇಳಲಾಗದು, ಡಾಕ್ಟರು ನೋಡಬೇಕು. ಆದರೆ ನೋಡಬೇಕು ಎನ್ನಿಸಿತಲ್ಲ.

ಗಡಿಯಾರ ಇಪ್ಪತ್ತು ತೋರಿಸಿತು. ಮುಚ್ಚಳ ತೆಗೆದ. ಕಾಗದ ಬಿಳಿಯಾಗಿರಲಿಲ್ಲ. ನಡುವೆ ದುಂಡಗೆ ಅರಿಸಿನದ ಬೊಟ್ಟಿಟ್ಟ ಹಾಗಿತ್ತು. ಬಣ್ಣದ ಪಟ್ಟಿಯ ಪಕ್ಕಕ್ಕೆ ಹಿಡಿದ. ಹತ್ತು, ಇಪ್ಪತ್ತೈದು, ಐವತ್ತು. ಐವತ್ತರ ಮನೆಗೆ ಸರಿಯಾಗಿ ಕೂತಿತು. ಮಿತಿಯ ಐದು ಪಟ್ಟು. ಬಿಸಿಲಿಗೆ ಒಡ್ಡಿ, ನೆರಳಿಗೆ ಒಡ್ಡಿ, ಎಡಗೈಗೆ ಬದಲಿಸಿ ನೋಡಿದ. ಹಳದಿ ಹಳದಿಯಾಗಿಯೇ ಇತ್ತು. ವಿಚಿತ್ರವೆಂದರೆ ಮೊದಲು ಬಂದದ್ದು ಭಯವಲ್ಲ, ಒಂದು ಬಗೆಯ ಬಿಡುಗಡೆ. ಈ ನೀರು ಕೊನೆಗೂ ತನ್ನ ಹೆಸರನ್ನು ತಾನೇ ಹೇಳಿತು ಎಂಬಂಥದು.

"ಭೀಮಕ್ಕ, ಎಲ್ಲಾರನ್ನ ಕರಿ."

ನಿಂತೇ ಹೇಳಿದ. ಬೋರಿನ ನೀರಿನಲ್ಲಿ ವಿಷದ ಅಂಶವಿದೆ, ಇವತ್ತಿನಿಂದ ಕುಡಿಯಬಾರದು, ಅಡಿಗೆಗೆ ಬೇಡ, ತೊಳೆಯಲು ಬಳಸಬಹುದು. ಈ ನೀಲಿ ಬಣ್ಣ ತಪ್ಪು. ತಪ್ಪು ಯಾರದೆಂದು ಕೇಳುವ ಮೊದಲೇ ಹೇಳಿದ, "ಬಾಟ್ಲಿ ನಾನು ತುಂಬಲಿಲ್ಲ. ತುಂಬೀನಂತ ಸಹಿ ಹಾಕಿದೆ. ನೆರಳಾಗ ಕುಂತಿದ್ದೆ." ಕುರಿಗೆ ನೀರು ಕುಡಿಸಲು ಬಂದಿದ್ದ ಭೀಮಕ್ಕನ ಗಂಡ ಯರ್ರೆಪ್ಪ, ಕೋಲಿಗೆ ಗದ್ದವೂರಿ ಕೇಳುತ್ತಿದ್ದವನು, ನಿಧಾನವಾಗಿ ಕೋಲನ್ನು ಎತ್ತಿ ನೀಲಿ ಕಟ್ಟೆಗೆ ತಟ್ಟಿದ.

"ಇದನ್ನ ಓದಾಕ ನನಗ ಬರಂಗಿಲ್ಲ. ಮನಿ ಮುಂದ ಹೋಗೋರ ಕೈಲೆ ಓದಿಸ್ಕೊಂಡೆ. ಮೂರು ಸಲ ಓದಿಸ್ಕೊಂಡೆ, ಕೇಳಾಕ ಚಂದ ಇತ್ತಂತ."

"ಹೌದು ಯರ್ರೆಪ್ಪ."

"ರೊಟ್ಟಿ ಉಂಡು ಹೋಗಿ ವಿಷಕ್ಕ ಪಾಸು ಕೊಟ್ರಿ."

"ಹೌದು."

"ಹೌದು ಅಂತಾನ ನೋಡು!" ಯರ್ರೆಪ್ಪ ಹೆಂಡತಿಯ ಕಡೆ ತಿರುಗಿದ. ಅವನಿಗೆ ಬಯ್ಯಲು ಇನ್ನೂ ಬಹಳ ಇತ್ತು, ಎದುರಿನವನು ಅಡ್ಡ ನಿಲ್ಲದ್ದರಿಂದ ಮಾತು ತಾಗಲು ಜಾಗ ಸಿಗದೆ ನಿಂತಂತಿತ್ತು. ಯರ್ರೆಪ್ಪನ ಬಾಯಲ್ಲಿ 'ಅಯ್ಯಾರು' ಹೋಗಿ 'ಅವನು' ಬಂದದ್ದನ್ನು ಗುರುಪಾದಯ್ಯ ಕೇಳಿಸಿಕೊಂಡ. ಬೆನ್ನ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು. ಅಲ್ಲೇ ಎಲ್ಲರೆದುರು ಸಾಹೇಬರಿಗೆ ಫೋನು ಹಚ್ಚಿ, ಸಹಿ ನನ್ನದು ಸಾರ್, ಹಿಡಿದದ್ದು ನಾನಲ್ಲ, ಬೋರು ಮುಚ್ಚಿಸಬೇಕು, ಟ್ಯಾಂಕರು ಕಳಿಸಬೇಕು ಎಂದ. ಆ ಕಡೆಯಿಂದ ತೆಲುಗಿನಲ್ಲಿ ಬಂದದ್ದನ್ನು ಸುತ್ತಲಿದ್ದವರೂ ಕೇಳಿಸಿಕೊಂಡರು. "ಬರೆದು ಕೊಡ್ತೀಯಾ? ಬರೆದು ಕೊಟ್ರೆ ನಿನ್ನ ಮೇಲೇ ಬರ್ತದೆ." "ಕೊಡ್ತೀನಿ ಸಾರ್." ಟ್ಯಾಂಕರು ನಾಳೆ ಮಧ್ಯಾಹ್ನಕ್ಕೆ ಎಂದು ಗೊತ್ತಾಯಿತು. ಯರ್ರೆಪ್ಪ ಒಳಗಿಂದ ಕುರಿಯ ಹಗ್ಗ ತಂದು ಬೋರಿನ ಹಿಡಿಕೆಯನ್ನು ಕೆಳಕ್ಕೆ ಎಳೆದು, ಸುತ್ತು ಸುತ್ತಿ, ಗಂಟು ಬಿಗಿದ.

ಭೀಮಕ್ಕ ನೆಲ ನೋಡುತ್ತ ಏನನ್ನೋ ಜೋಡಿಸಿಕೊಳ್ಳುತ್ತಿದ್ದಳು. ಆಮೇಲೆ ತಲೆಯೆತ್ತಿ, "ಹಂಗಾದ್ರ ಅಯ್ಯಾರ, ಅವತ್ತು ಪಾಸಾಗಿದ್ದು ಯಾವ ನೀರು?" ಎಂದಳು.

"ಯಾವ ನೀರು ಅಂದ್ರ..."

"ನೀವು ಒಯ್ದಿದ್ದು ನನ್ನ ಚೆಲಮಿದು. ಮಿಷನ್ನಿನಾಗ ಹಾಕಿ ನೋಡಿದ್ದೂ ಅದನ್ನಾ. ಏನೂ ಇಲ್ಲಂತ ಬರದಿದ್ದೂ ಅದಕ್ಕಾ. ಅಂದ್ರ ನಮ್ಮ ಹಳ್ಳದ ನೀರು ಪಾಸಾಗೈತಿ. ಹೌದಲ್ರಿ?"

ಹೌದು. ನಿನ್ನೆಯಿಂದ ಇಲ್ಲಿಯವರೆಗೆ, ಬಸ್ಸಿನಲ್ಲಿ, ಆಟೋದಲ್ಲಿ, ಆ ಇಪ್ಪತ್ತು ನಿಮಿಷದಲ್ಲಿ, 'ಆರ್ಸೆನಿಕ್ ಪತ್ತೆಯಾಗಿಲ್ಲ' ಎಂಬ ಆ ಸಾಲನ್ನು ಗುರುಪಾದಯ್ಯ ತನ್ನ ತಪ್ಪಿನಂತೆ ಓದುತ್ತಿದ್ದ, ಸುಳ್ಳಿನಂತೆ ಓದುತ್ತಿದ್ದ; ಅದು ನಿಜವಾಗಿಯೂ ಯಾವುದರ ಬಗ್ಗೆ ಹೇಳುತ್ತಿದೆ ಎಂದು ಕೇಳಿರಲಿಲ್ಲ. ಅಕ್ಷರ ಬಾರದ ಹೆಂಗಸು ಅವನ ವರದಿಯನ್ನು ಓದಿದ್ದಳು. ಯಂತ್ರವೂ ಸರಿ, ಅಂಕಿಯೂ ಸರಿ, ಹಳ್ಳವೂ ಸರಿ. ತಪ್ಪಿದ್ದು ನಡುವೆ ಕೂತವನು ಒಬ್ಬನೇ. ಅದನ್ನು ತಿಳಿದು ಅವನು ಕುಗ್ಗಿಹೋಗಬೇಕಿತ್ತು; ಬದಲಿಗೆ ಎದೆಯಲ್ಲಿ ಏನೋ ಉಕ್ಕಿ ಬಂತು, ಎಷ್ಟು ಸಣ್ಣವನು ತಾನು, ತನ್ನನ್ನು ದಾಟಿಯೂ ಒಳ್ಳೆಯದು ಎಷ್ಟು ಹೇರಳವಾಗಿ ಉಳಿದಿದೆ ಎಂದು.

"ಹೌದವ್ವ" ಎಂದ. "ಇನ್ನೊಮ್ಮೆ ನೋಡೋಣ. ನಡಿ, ತೋರಿಸು."

ಬಿಸಿಲು ಇಳಿಯುವ ಹೊತ್ತಿಗೆ ಹನ್ನೆರಡು ಹದಿಮೂರು ಹೆಂಗಸರು ಕೊಡ ಹಿಡಿದು ಹೊರಟರು. ಹಳ್ಳ ಒಣಗಿ ಬಿಳಿ ಉಸುಕಾಗಿತ್ತು. ಭೀಮಕ್ಕ ಅಲ್ಲಿ ಇಲ್ಲಿ ಕಾಲಿನ ಹೆಬ್ಬೆರಳಿನಿಂದ ಒತ್ತಿ ನೋಡಿ, ಒಂದು ಕಡೆ ಕೂತು, ಬೋಗುಣಿಯಿಂದ ತೋಡತೊಡಗಿದಳು. ಮೊಣಕೈ ಆಳಕ್ಕೆ ಉಸುಕು ಕಪ್ಪಾಯಿತು, ಇನ್ನೊಂದು ಗೇಣಿಗೆ ಸುತ್ತಲಿಂದ ಸದ್ದಿಲ್ಲದೆ ನೀರು ಒಸರಿ ನಡುವೆ ಕೂಡಿತು. ಅವನು ಬಾಟಲಿ ಮುಂದೆ ಮಾಡಿದ. "ತಡೀರಿ, ಅವಸರ ಮಾಡಬ್ಯಾಡ್ರಿ" ಎಂದು ಆಕೆ ಮೊದಲ ನೀರನ್ನು ಎತ್ತಿ ಆಚೆ ಚೆಲ್ಲಿದಳು, ಎರಡನೆಯದನ್ನೂ, ಮೂರನೆಯದನ್ನೂ. ನಾಲ್ಕನೆಯ ಸಲ ನೀರು ತಿಳಿಯಾಗಿ ನಿಂತು ಆಕಾಶ ಕಂಡಿತು. ಈ ನಿಯಮವನ್ನು ಅವನು ಹೈದರಾಬಾದಿನಲ್ಲಿ ಹದಿನೈದು ದಿನದ ತರಬೇತಿಯಲ್ಲಿ ಕಲಿತಿದ್ದ. ಬಗ್ಗಿ, ಉಸುಕಿನಲ್ಲಿ ಮಂಡಿಯೂರಿ, ಆಕೆ ಹೇಳಿದ ಕಡೆ, ಆಕೆ ಹೇಳಿದಾಗ, ತನ್ನ ಕೈಯಿಂದ ತುಂಬಿದ. ದಂಡೆಯ ಮೇಲೆ ಪೆಟ್ಟಿಗೆ ಬಿಚ್ಚಿ ಮತ್ತೆ ಇಪ್ಪತ್ತು ನಿಮಿಷ. ಕಾಗದ ಬೆಳಗಿನ ವಿಭೂತಿಯಷ್ಟು ಬಿಳಿಯಾಗಿ ಹೊರಬಂತು. ಹೆಂಗಸರು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿದರು. ಕಾಸಿ, ಸೋಸಿ, ಆಮೇಲೆ ಕುಡಿಯಿರಿ ಎಂದು ಅವನು ಹೇಳಿದ, ಎರಡೆರಡು ಸಲ ಹೇಳಿದ. "ಆತು ತಗೊಳ್ರಿ, ಕಿವ್ಡರಲ್ಲ ನಾವು" ಎಂದು ಬೋರಿನ ಹತ್ತಿರ ನಕ್ಕಿದ್ದ ಹೆಂಗಸೇ ಅಂದಳು.

ಮನೆಗೆ ಬಂದು ಭೀಮಕ್ಕ ನೀರನ್ನು ಹಳೆ ಸೀರೆಯ ನಾಲ್ಕು ಮಡಿಕೆಯಲ್ಲಿ ಸೋಸಿ ಒಲೆಗಿಟ್ಟಳು. ಅದು ಕುದಿದು, ಅಗಲ ಪರಾತದಲ್ಲಿ ಆರುವವರೆಗೆ ಯಾರೂ ಅವನನ್ನು ಕೂರು ಅನ್ನಲಿಲ್ಲ. ಅವನು ಅಂಗಳದ ಅಂಚಿನಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಳಗಿನಿಂದ ಒಂದು ಹನಿ ನೀರು ಗಂಟಲಿಗೆ ಇಳಿದಿರಲಿಲ್ಲ, ತುಟಿ ಒಡೆದಿತ್ತು; ಭೀಮಕ್ಕ ಚೊಂಬು ಹಿಡಿದು ಹೊರಬಂದಾಗ ಅವನ ಕೈಗಳು ತಾವಾಗಿಯೇ ಬೊಗಸೆಯಾದವು. ಆಕೆ ಅವನ ಮುಂದಿನಿಂದ ಹಾದುಹೋಗಿ ಸೊಸೆಯ ಎದುರು ನಿಂತಳು.

ಮಲ್ಲೇಶ್ವರಿ ಗಾಬರಿಯಿಂದ ಎದ್ದಳು. "ಅತ್ತಿ, ಅಯ್ಯಾರು ನಿಂತಾರ. ಮೊದ್ಲು ಅವರಿಗೆ ಕೊಡ್ರಿ."

"ನೀ ಕುಡಿ."

"ದೇವರ ಮುಂದಾದ್ರೂ ಇಟ್ಟು..."

"ಸುಮ್ನ ಕುಡಿಯೇ. ದೇವರು ಎಲ್ಲಿ ಹೋಗ್ತಾನ" ಎಂದು ಭೀಮಕ್ಕ ಚೊಂಬನ್ನು ಅವಳ ತುಟಿಗೆ ಹಿಡಿದಳು. "ಅಯ್ಯಾರು ನಿಂದ್ರತಾರ."

ಗುರುಪಾದಯ್ಯ ನಿಂತ. ಅವಳ ಗಂಟಲಿನಲ್ಲಿ ನೀರು ಇಳಿಯುವುದು ಅಂಗಳದ ಈ ತುದಿಗೂ ಕೇಳಿಸುತ್ತಿತ್ತು, ಒಂದೊಂದೇ ಗುಟುಕು. ಅದು ಮುಗಿಯದಿರಲಿ ಎಂದು ಅವನು ಕೇಳುತ್ತ ನಿಂತ.